ಹೊಸ ಫೋನ್ ತಂತ್ರಾಂಶದ ಪರೀಕ್ಷೆ: ದುಡಿಯುವವರು ತಿಳಿದಿರಬೇಕಾದದ್ದು

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಸಂಜೆ ನಾವು ಆರಿಸಿಕೊಂಡ ವಿಷಯವನ್ನು ಬೋರ್ಡಿನ ಮೇಲೆ ಓದಿ ಕೆಲವರು ನಕ್ಕಿರಬಹುದು. ಸಂಬಳ, ಬೋನಸ್ಸು, ರಜೆ, ವಸತಿ ಇವುಗಳ ಮಾತು ನಡೆಯಬೇಕಾದ ಈ ವೇದಿಕೆಯಿಂದ ಫೋನಿನ ಮಾತೇಕೆ ಎಂದು ಕೇಳಿದವರೂ ಉಂಟು. ಕೇಳಿದ್ದು ತಪ್ಪಲ್ಲ. ಆದರೆ ನಮ್ಮಲ್ಲಿ ಅನೇಕರ ಸಂಬಳ ಬಂದಿತೆಂದು ತಿಳಿಯುವುದು ಇಂದು ಫೋನಿನಿಂದ. ಊರಿಗೆ ಹಣ ಹೋಗುವುದು ಫೋನಿನಿಂದ. ರೈಲಿನ ಟಿಕೇಟು, ಆಸ್ಪತ್ರೆಯ ಚೀಟಿ, ಮಕ್ಕಳ ಶಾಲೆಯ ಸೂಚನೆ ಎಲ್ಲವೂ ಇರುವುದು ಅದರೊಳಗೆ. ಹಿಂದೆ ನಮ್ಮ ಹಿರಿಯರು ಊರಿನಿಂದ ಬರುವಾಗ ತಂದ ತಗಡಿನ ಟ್ರಂಕಿನಲ್ಲಿ ಏನೇನಿರುತ್ತಿತ್ತೋ ಅದೆಲ್ಲ ಈಗ ಅಂಗೈಯಗಲದ ಈ ಪೆಟ್ಟಿಗೆಯಲ್ಲಿದೆ. ಟ್ರಂಕಿನ ಬೀಗದ ವಿಷಯ ಸಂಘದ ವಿಷಯವಾಗಿದ್ದರೆ, ಇದೂ ಸಂಘದ ವಿಷಯವೇ ಸರಿ.

ಕಳೆದ ತಿಂಗಳು ನಾವು ಸಂಘದ ಮೂವರು ನೇತ್ರಾವತಿ ಎಕ್ಸ್‌ಪ್ರೆಸ್ ಹಿಡಿದು ಕೊಚ್ಚಿಗೂ ತಿರುವನಂತಪುರಕ್ಕೂ ಹೋಗಿ ಬಂದೆವು. ಅಲ್ಲಿನ ಹೊಟೇಲುಗಳಲ್ಲಿ ದುಡಿಯುವ ನಮ್ಮ ಜನರನ್ನು ಕಂಡು ಅವರ ಸುಖದುಃಖ ವಿಚಾರಿಸುವುದು ನಮ್ಮ ಉದ್ದೇಶವಾಗಿತ್ತು. ನೋಡಿದ್ದು ಹಲವು, ಕೇಳಿದ್ದು ಹಲವು. ಅವುಗಳಲ್ಲಿ ಒಂದನ್ನು ಮಾತ್ರ ಈ ದಿನ ತಮ್ಮ ಮುಂದೆ ಇಡುತ್ತೇವೆ.

ಎರ್ನಾಕುಳಂನ ಒಂದು ಸಸ್ಯಾಹಾರಿ ಹೊಟೇಲಿನಲ್ಲಿ ಕುಂಬಳೆ ಕಡೆಯ ಒಬ್ಬ ತರುಣ ಸಪ್ಲೈಯರ್ ಕೆಲಸದಲ್ಲಿದ್ದಾನೆ. ಚುರುಕು ಹುಡುಗ. ಕನ್ನಡ, ತುಳು, ಮಲಯಾಳ ಮೂರೂ ನಾಲಗೆಯ ತುದಿಯಲ್ಲಿ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಒಂದು ಒಳ್ಳೆಯ ಫೋನು ಅವನದು. ಆ ಫೋನಿನ ಮೂಲ ತಂತ್ರಾಂಶಕ್ಕೆ ಹೊಸ ಅಪ್‌ಡೇಟ್ ಬರಲಿದೆ, ಅದು ಪೂರ್ತಿ ಸಿದ್ಧವಾಗುವ ಮೊದಲೇ ಬೇಕಾದವರು ಪರೀಕ್ಷೆಗಾಗಿ ಹಾಕಿಕೊಳ್ಳಬಹುದು ಎಂದು ಕಂಪೆನಿ ಸೂಚನೆ ಕೊಟ್ಟಿತ್ತು. ಹುಡುಗ ಸೇರಿಕೊಂಡ. ಮೊದಲ ಹತ್ತು ದಿನ ಅವನ ಹಿಗ್ಗಿಗೆ ಪಾರವಿಲ್ಲ. ಹೊಸ ಬಣ್ಣ, ಹೊಸ ಅಕ್ಷರ. ಕಾಕ್ಕನಾಡಿನ ಇನ್ಫೋಪಾರ್ಕಿನಿಂದ ಊಟಕ್ಕೆ ಬರುವ ಇಂಜಿನಿಯರರ ಕೈಯಲ್ಲೂ ಇಲ್ಲದ್ದು ತನ್ನ ಕೈಯಲ್ಲಿದೆ ಎಂಬ ಹೆಮ್ಮೆ. ಅದನ್ನು ನಾವು ಹಳಿಯುವುದಿಲ್ಲ. ದಿನವಿಡೀ ಬೇರೆಯವರ ಎಲೆಗೆ ಬಡಿಸುವವನಿಗೆ ತಾನೂ ಒಂದು ವಿಷಯದಲ್ಲಿ ಮೊದಲಿಗನಾಗಬೇಕೆಂಬ ಆಸೆ ಸಹಜವಾದದ್ದು.

ಎರಡನೆಯ ಕಂತಿನ ಅಪ್‌ಡೇಟ್ ಬಂದ ಮೇಲೆ ಕಷ್ಟ ಶುರುವಾಯಿತು. ಬೆಳಿಗ್ಗೆ ತುಂಬಿಸಿದ ಬ್ಯಾಟರಿ ಮಧ್ಯಾಹ್ನದ ಊಟದ ಹೊತ್ತಿಗೆ ಖಾಲಿ. ಹಣ ಕಳಿಸುವ ಆ್ಯಪು ಈ ಫೋನಿನಲ್ಲಿ ತಾನು ನಡೆಯಲಾರೆ ಎಂದಿತು. ತಿಂಗಳ ಕೊನೆ; ತಾಯಿಯ ಔಷಧಿಗೆ ಹಣ ಹೋಗಬೇಕು. ಜೊತೆಯವನ ಫೋನಿನಿಂದ ಸಾಲವಾಗಿ ಕಳಿಸಿದ್ದಾಯಿತು. ಇದು ಸಾಕೆಂದು ಹಳೆಯ ತಂತ್ರಾಂಶಕ್ಕೆ ಹಿಂದಿರುಗಲು ಗುಂಡಿ ಒತ್ತಿದ. ಫೋನಿನಲ್ಲಿರುವುದೆಲ್ಲ ಅಳಿಸಿಹೋಗುವುದು ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂದಿತ್ತಂತೆ. ಪಾಳಿಯ ನಡುವೆ ಅದನ್ನು ಓದಲಿಲ್ಲ. ಅರ್ಧ ಗಂಟೆಯಲ್ಲಿ ಫೋನು ಅಂಗಡಿಯಿಂದ ಬಂದ ದಿನದಂತೆ ಬರಿದಾಯಿತು.

ಹೋದದ್ದು ಹಾಡು, ಸಿನೆಮಾ ಆಗಿದ್ದರೆ ನಾವು ಈ ಮಾತನ್ನು ಎತ್ತುತ್ತಿರಲಿಲ್ಲ. ಆತ ಏಳು ತಿಂಗಳಿಂದ ತನ್ನ ಹೆಚ್ಚುವರಿ ಪಾಳಿಯ ಲೆಕ್ಕವನ್ನೂ, ಮುಂಗಡ ಪಡೆದ ಪುಸ್ತಕದ ಪುಟಗಳನ್ನೂ ಫೋಟೋ ತೆಗೆದು ಇಟ್ಟುಕೊಂಡಿದ್ದ. ಓಣಂ ಹಬ್ಬದ ಲೆಕ್ಕ ತೀರಿಸುವಾಗ ಗಲ್ಲಾದ ಪುಸ್ತಕದಲ್ಲಿ ಮುಂಗಡ ಹೆಚ್ಚು, ಹೆಚ್ಚುವರಿ ಪಾಳಿ ಕಡಿಮೆ ಕಂಡಿತು. ತೋರಿಸಲು ಅವನಲ್ಲಿ ಏನೂ ಇರಲಿಲ್ಲ. ಜೊತೆಯ ಕೆಲಸಗಾರರು ಸಾಕ್ಷಿ ಹೇಳಿದ್ದರಿಂದ ಸ್ವಲ್ಪ ಸರಿಯಾಯಿತು. ಉಳಿದ ಎರಡು ಸಾವಿರದ ನಾಲ್ಕು ನೂರು ರೂಪಾಯಿ ಹೋಯಿತು.

ನಮ್ಮೊಡನೆ ಮಾತಾಡುವಾಗ ಆತ ಯಾರನ್ನೂ ಬಯ್ಯಲಿಲ್ಲ. “ಅಣ್ಣಾ, ಅವರು ಸುಳ್ಳು ಹೇಳಲಿಲ್ಲ. ಎಲ್ಲ ಬರೆದಿತ್ತು. ನಾನೇ ಓದಲಿಲ್ಲ” ಎಂದ.

“ಯಾಕೆ ಓದಲಿಲ್ಲ ಮಾರಾಯ?” ಎಂದೆವು.

“ಓದುವಷ್ಟು ಹೊತ್ತು ಯಾರಿಗುಂಟು ಅಣ್ಣಾ? ಬಿಡುವು ಅಂತ ಸಿಗುವುದೇ ಹದಿನೈದು ನಿಮಿಷ” ಎಂದ.

ಮಿತ್ರರೇ, ಆ ಹದಿನೈದು ನಿಮಿಷದ ಮಾತು ನಮ್ಮ ಮನಸ್ಸಿನಲ್ಲಿ ಕುಳಿತಿತು. ಆದುದರಿಂದಲೇ ಇಂದು ಇಲ್ಲಿ ನಿಂತು, ಅವನಿಗೆ ಓದಲು ಸಿಗದಿದ್ದುದನ್ನು ತಮಗೆ ಓದಿ ಹೇಳಬೇಕೆಂದು ಬಂದಿದ್ದೇವೆ.

ಮೊದಲು, ಈ ಪರೀಕ್ಷಾ ಆವೃತ್ತಿ ಎಂದರೇನು? ಫೋನಿನ ಒಳಗೆ ಎಲ್ಲ ಕೆಲಸವನ್ನು ನಡೆಸುವ ಒಂದು ಮೂಲ ತಂತ್ರಾಂಶವಿದೆ. ಗೂಗಲಿನದು ಆಂಡ್ರಾಯ್ಡ್, ಆ್ಯಪಲ್ ಕಂಪೆನಿಯದು ಐಓಎಸ್. ವರ್ಷಕ್ಕೊಮ್ಮೆ ಎಂಬಂತೆ ಇವುಗಳ ದೊಡ್ಡ ಹೊಸ ಆವೃತ್ತಿ ಬರುತ್ತದೆ. ಅದು ಬರುವ ತಿಂಗಳುಗಳ ಮೊದಲೇ ಅರೆಬೆಂದ ರೂಪದಲ್ಲಿ ಹೊರಗೆ ಬಿಡುವ ಪದ್ಧತಿಯಿದೆ. ೨೦೧೪ರಲ್ಲಿ ಗೂಗಲು ತನ್ನ ‘ಎಲ್’ ಆವೃತ್ತಿಯ ಮುನ್ನೋಟವನ್ನು ಆ್ಯಪು ತಯಾರಿಸುವವರಿಗೆಂದು ಕೊಟ್ಟಿತು. ೨೦೧೫ರಲ್ಲಿ ಆ್ಯಪಲ್ ಕಂಪೆನಿ ತನ್ನ ಫೋನಿನ ಪರೀಕ್ಷಾ ಆವೃತ್ತಿಯನ್ನು ಸಾರ್ವಜನಿಕರಿಗೂ ತೆರೆಯಿತು. ೨೦೧೬ರ ಮಾರ್ಚಿನಲ್ಲಿ ಆಂಡ್ರಾಯ್ಡ್ ‘ಎನ್’ ಬಂದಾಗ, ಕೇಬಲ್ಲು, ಕಂಪ್ಯೂಟರು ಯಾವುದೂ ಇಲ್ಲದೆ, ಹೆಸರು ನೋಂದಾಯಿಸಿದರೆ ಫೋನಿಗೇ ನೇರವಾಗಿ ಬರುವ ಏರ್ಪಾಡು ಆಯಿತು. ಬೀಟಾ ಎನ್ನುವುದು ಇದನ್ನೇ.

ಹೊಟೇಲಿನ ಮಾತಿನಲ್ಲಿ ಹೇಳುವುದಾದರೆ, ಭಟ್ಟರು ಸಾಂಬಾರಿನ ದೊಡ್ಡ ಪಾತ್ರೆಯಿಂದ ಒಂದು ಸೌಟು ತೆಗೆದು, “ಉಪ್ಪು ನೋಡು” ಎಂದು ಪಕ್ಕದವನಿಗೆ ಕೊಡುತ್ತಾರಲ್ಲ, ಅದು ಬೀಟಾ. ಉಪ್ಪು ನೋಡುವುದು ಬೇಕಾದ ಕೆಲಸ. ನೋಡದೆ ಬಡಿಸಿದರೆ ನೂರು ಎಲೆ ಕೆಡುತ್ತದೆ. ಆದರೆ ಉಪ್ಪು ನೋಡಲು ಕೊಟ್ಟ ಒಂದು ಸೌಟನ್ನೇ ಮಧ್ಯಾಹ್ನದ ಊಟವೆಂದು ತಿಳಿದರೆ ಹೊಟ್ಟೆ ತುಂಬುವುದಿಲ್ಲ.

ಗಿರಣಿಯ ಹಿರಿಯರಿಗೆ ಇನ್ನೊಂದು ರೀತಿ ಹೇಳೋಣ. ಹೊಸ ಮಗ್ಗ ತಂದಾಗ ಅದನ್ನು ಓಡಿಸಿ ನೋಡಬೇಕಾದದ್ದೇ. ಆದರೆ ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವ ನೇಕಾರನ ಮಗ್ಗ ನಿಂತರೆ ನಷ್ಟ ಯಾರದು ಎಂಬ ಪ್ರಶ್ನೆ ನಿಮಗೆ ಹೊಸದಲ್ಲ. ಆ ಗಿರಣಿಗಳಲ್ಲಿ ಬಹಳಷ್ಟು ೧೯೮೨ರ ಮುಷ್ಕರದ ಅನಂತರ ಒಂದೊಂದಾಗಿ ಮುಚ್ಚಿಹೋದುವು. ಪ್ರಶ್ನೆ ಮಾತ್ರ ಉಳಿದಿದೆ. ಪರೀಕ್ಷೆಯಿಂದ ಲಾಭ ಎಲ್ಲರಿಗೆ, ನಷ್ಟ ಪರೀಕ್ಷೆಗೆ ಸಿಕ್ಕವನಿಗೆ, ಆಗಬಾರದು ತಾನೆ?

೨೦೨೫ರಲ್ಲಿ ಗೂಗಲು, ಬೀಟಾಕ್ಕಿಂತಲೂ ಮೊದಲಿನ, ಇನ್ನೂ ಹಸಿಯಾದ ಆವೃತ್ತಿಗಳಿಗೆ ‘ಕ್ಯಾನರಿ’ ಎಂಬ ಹೆಸರಿನ ಬೇರೆ ದಾರಿಯನ್ನೇ ತೆರೆಯಿತು. ಆ ಹೆಸರಿನ ಹಿಂದೆ ಕಾರ್ಮಿಕರ ಚರಿತ್ರೆಯಿದೆ. ಬ್ರಿಟನ್ನಿನ ಕಲ್ಲಿದ್ದಲ ಗಣಿಗೆ ಇಳಿಯುವಾಗ ಕ್ಯಾನರಿ ಎಂಬ ಪುಟ್ಟ ಹಳದಿ ಹಕ್ಕಿಯನ್ನು ಪಂಜರದಲ್ಲಿ ಒಯ್ಯುತ್ತಿದ್ದರು. ಕಣ್ಣಿಗೆ ಕಾಣದ, ಮೂಗಿಗೆ ವಾಸನೆ ಬಾರದ ವಿಷಗಾಳಿ ಇದ್ದರೆ ಮನುಷ್ಯನಿಗಿಂತ ಮೊದಲು ಹಕ್ಕಿ ಕುಸಿಯುತ್ತಿತ್ತು. ಕಾರ್ಮಿಕರು ಹೊರಕ್ಕೆ ಓಡುತ್ತಿದ್ದರು. ಯಂತ್ರಗಳು ಬಂದ ಮೇಲೆ, ೧೯೮೬ರ ಕೊನೆಯಲ್ಲಿ, ಆ ಪದ್ಧತಿಯನ್ನು ಕೈಬಿಡಲು ಅಲ್ಲಿ ನಿರ್ಧಾರವಾಯಿತು. ಹೆಸರು ಇಟ್ಟವರು ಮುಚ್ಚುಮರೆ ಮಾಡಲಿಲ್ಲ. ಇದನ್ನು ಹಾಕಿಕೊಳ್ಳುವ ಫೋನು ಆ ಹಕ್ಕಿಯ ಸ್ಥಾನದಲ್ಲಿ ನಿಲ್ಲುತ್ತದೆ ಎಂದು ಹೆಸರೇ ಹೇಳುತ್ತದೆ. ಆ ಫೋನು ನಿಮ್ಮಲ್ಲಿರುವ ಒಂದೇ ಫೋನೋ, ಅಲ್ಲವೋ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಹಾಗಾದರೆ ಈ ಪರೀಕ್ಷೆಯೇ ನಮಗೆ ಬೇಡವೆ? ಹಾಗೆ ಹೇಳಲು ನಾವು ಸಿದ್ಧರಿಲ್ಲ. ಕೇರಳದಲ್ಲಿ ನೋಡಿ ಬಂದ ಮೇಲಂತೂ ಹಾಗೆ ಹೇಳಲಾರೆವು.

ಕೇರಳದ ಮೊದಲ ಮೊಬೈಲ್ ಕರೆ ಹೋದದ್ದು ೧೯೯೬ರ ಸೆಪ್ಟೆಂಬರ್ ೧೭ರಂದು, ಇದೇ ಕೊಚ್ಚಿಯಿಂದ. ಮಾತಾಡಿದವರು ತಕಳಿ ಶಿವಶಂಕರ ಪಿಳ್ಳೆ. ಕಡಲ ಮೀನುಗಾರರ ಬದುಕನ್ನು ‘ಚೆಮ್ಮೀನ್’ ಕಾದಂಬರಿಯಲ್ಲಿ ಬರೆದವರು. ಅದಕ್ಕೂ ಮೊದಲು ಜಾಡಮಾಲಿಗಳ ಬಾಳನ್ನು ಕಾದಂಬರಿಗೆ ತಂದವರು. ಆ ಕಾಲದಲ್ಲಿ ಒಳಗೆ ಬರುವ ಕರೆಗೂ ಹಣ ತೆರಬೇಕಾಗಿತ್ತು. ದುಡಿಯುವವನ ಕೈಗೆ ಅದು ಎಟುಕುವಂತಿರಲಿಲ್ಲ. ಇಂದು ಅದೇ ಕೊಚ್ಚಿಯಲ್ಲಿ ಮೀನು ಮಾರುವ ಹೆಂಗಸಿನ ಬುಟ್ಟಿಯ ಪಕ್ಕದಲ್ಲೂ ಫೋನಿದೆ.

ಹತ್ತು ವರ್ಷದ ಹಿಂದಿನ ಇನ್ನೊಂದು ಸಂಗತಿ ತಮಗೆ ರುಚಿಸೀತು. ೨೦೧೫ರ ಡಿಸೆಂಬರಿನಲ್ಲಿ ಗೂಗಲಿನ ಮುಖ್ಯಸ್ಥ ಸುಂದರ್ ಪಿಚೈ ಅವರು ದಿಲ್ಲಿಗೆ ಬಂದಾಗ, ಆಂಡ್ರಾಯ್ಡಿಗೆ ನಮ್ಮ ದೇಶದ ಸಿಹಿತಿಂಡಿಯ ಹೆಸರೇಕೆ ಇಡಬಾರದು ಎಂದು ವಿದ್ಯಾರ್ಥಿಗಳು ಕೇಳಿದರು. ತಾಯಿಯನ್ನು ಕೇಳಿ ನೋಡುತ್ತೇನೆ ಎಂದರಂತೆ ಅವರು. ಮರುವರ್ಷ ‘ಎನ್’ ಅಕ್ಷರದ ಆವೃತ್ತಿಗೆ ಹೆಸರು ಸೂಚಿಸಿರೆಂದು ಕಂಪೆನಿ ಜನರನ್ನು ಕೇಳಿತು. ಮಲಯಾಳಿಗಳು ಬಿಡುತ್ತಾರೆಯೆ? ‘ನೆಯ್ಯಪ್ಪ’ ಎಂದು ಒಕ್ಕೊರಲಿನಿಂದ ಪ್ರಚಾರಕ್ಕೆ ಇಳಿದರು. ಅಕ್ಕಿ, ಬೆಲ್ಲ, ತುಪ್ಪದ ಆ ಅಪ್ಪ ನಮಗೂ ಪರಕೀಯವಲ್ಲ. ಮಧೂರು ಗಣಪತಿಯ ಅಪ್ಪದ ಪ್ರಸಾದ ತಿಂದವರು ಈ ಸಭೆಯಲ್ಲೂ ಇದ್ದೀರಿ. ಕಡೆಗೆ ೨೦೧೬ರ ಜೂನ್ ೩೦ರಂದು ಇಟ್ಟ ಹೆಸರು ‘ನುಗಾಟ್’. ನೆಯ್ಯಪ್ಪ ಬಾಣಲೆಯಲ್ಲೇ ಉಳಿಯಿತು. ಎರ್ನಾಕುಳಂನ ಚಹದಂಗಡಿಯಲ್ಲಿ ಇದನ್ನು ಹೇಳಿ ಜನ ಈಗಲೂ ನಗುತ್ತಾರೆ.

ಹೆಸರಿಗೆ ಕೈಯೆತ್ತುವುದು ಸುಲಭದ ಕೆಲಸ. ಅದರಿಂದ ಯಾರಿಗೂ ಕೇಡಿಲ್ಲ. ಆದರೆ ಆ ತಂತ್ರಾಂಶದೊಳಗೆ ನಮ್ಮ ಅಕ್ಷರ ಸರಿಯಾಗಿ ಮೂಡುತ್ತದೆಯೆ ಎಂದು ನೋಡುವುದು ಹೆಸರಿಗಿಂತ ದೊಡ್ಡ ಕೆಲಸ.

ಈ ಮಾತಿಗೆ ಒಂದು ನಿದರ್ಶನ ಕೊಡುತ್ತೇವೆ. ೨೦೧೮ರ ಫೆಬ್ರವರಿಯಲ್ಲಿ ಆ್ಯಪಲ್ ಫೋನುಗಳಲ್ಲಿ ಒಂದು ವಿಚಿತ್ರ ದೋಷ ಹೊರಬಿತ್ತು. ತೆಲುಗಿನ ‘ಜ್ಞಾ’ ಅಕ್ಷರದ ಒಂದು ಬಗೆಯ ಜೋಡಣೆ ಸಂದೇಶದಲ್ಲಿ ಬಂದರೆ ಸಾಕು, ಅದನ್ನು ತೋರಿಸಹೊರಟ ಆ್ಯಪು ಕುಸಿದು ಬೀಳುತ್ತಿತ್ತು. ಕಿಡಿಗೇಡಿಗಳು ಆ ಅಕ್ಷರವನ್ನೇ ಊರೆಲ್ಲ ಕಳಿಸತೊಡಗಿದರು. ಜ್ಞಾನದ ‘ಜ್ಞಾ’, ನೋಡಿ! ಫೆಬ್ರವರಿ ೧೯ರಂದು ಕಂಪೆನಿ ತಿದ್ದುಪಡಿ ಕೊಟ್ಟಿತು. ಇದರಲ್ಲಿ ಗಮನಿಸಬೇಕಾದ ಮಾತೆಂದರೆ, ಆ ಹೊತ್ತಿಗೆ ಹೊರಗಿದ್ದ ಮುಂದಿನ ಪರೀಕ್ಷಾ ಆವೃತ್ತಿಯಲ್ಲಿ ಈ ದೋಷ ಆಗಲೇ ಸರಿಯಾಗಿತ್ತು. ಎಲ್ಲರ ಕೈಗೂ ಹೋಗಿದ್ದ ಸಿದ್ಧ ಆವೃತ್ತಿಯಲ್ಲಿ ಮಾತ್ರ ಉಳಿದಿತ್ತು. ತೆಲುಗು ಲಿಪಿ ನಮ್ಮ ಲಿಪಿಯ ಒಡಹುಟ್ಟು. ಅವರ ಅಕ್ಷರಕ್ಕೆ ಬಂದದ್ದು ನಮ್ಮದಕ್ಕೂ ಬರಬಹುದು. ಆಂಡ್ರಾಯ್ಡಿಗೆ ಕನ್ನಡದ ಬೆಂಬಲ ಬಂದದ್ದು ೨೦೧೨ರಲ್ಲಿ, ಅದರ ೪.೧ ಆವೃತ್ತಿಯಲ್ಲಿ, ಆ್ಯಪಲ್ ಫೋನಿಗೆ ಅದರದೇ ಕನ್ನಡ ಕೀಲಿಮಣೆ ಬಂದದ್ದು ೨೦೧೭ರಲ್ಲಿ. ಎರಡು ಸಲವೂ ಮಲಯಾಳವೂ ಜೊತೆಗೇ ಬಂದಿತು. ತಡವಾಗಿ ಪಂಕ್ತಿಗೆ ಕುಳಿತವರು ನಾವು. ಎಲೆಯ ಮೇಲೆ ಏನು ಬೀಳುತ್ತಿದೆ ಎಂದು ನಾವೇ ನೋಡಿಕೊಳ್ಳಬೇಕು.

ನೋಡಿಕೊಳ್ಳುವುದು ಹೇಗೆ ಎಂಬುದನ್ನು ತಿರುವನಂತಪುರ ನಮಗೆ ಕಲಿಸಬಲ್ಲದು. ೧೯೭೧ರಲ್ಲಿ ಟೈಪ್‌ರೈಟರಿಗೂ ಅಚ್ಚಿನ ಮೊಳೆಗೂ ಹೊಂದಲೆಂದು ಮಲಯಾಳದ ಅನೇಕ ಕೂಡಕ್ಷರಗಳನ್ನು ಸರಕಾರದ ಆಜ್ಞೆಯಿಂದ ಬಿಡಿಸಿದರು. ೧೯೯೯ರಲ್ಲಿ ತಿರುವನಂತಪುರದಲ್ಲಿ ಆರ್. ಚಿತ್ರಜಕುಮಾರ್, ಕೆ. ಎಚ್. ಹುಸೇನ್ ಮೊದಲಾದವರು ‘ರಚನಾ’ ಎಂಬ ಕೂಟ ಕಟ್ಟಿ, ಆ ಹಳೆಯ ಅಕ್ಷರಗಳನ್ನೆಲ್ಲ ಕಂಪ್ಯೂಟರಿಗೆ ತಂದರು. ಯಂತ್ರಕ್ಕಾಗಿ ಭಾಷೆ ಕುಗ್ಗಬೇಕಿಲ್ಲ, ಯಂತ್ರವೇ ಭಾಷೆಗೆ ಹೊಂದಬೇಕು ಎಂದು ಮಾಡಿ ತೋರಿಸಿದರು. ಎರಡು ವರ್ಷದ ಮೇಲೆ, ೨೦೦೧ರ ಜುಲೈ ೨೦ರಂದು, ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನದ ಭಾರತ ಶಾಖೆ ಅದೇ ನಗರದಲ್ಲಿ ಆರಂಭವಾಯಿತು. ಸ್ವತಂತ್ರ ತಂತ್ರಾಂಶವೆಂದರೆ ಎಲ್ಲರೂ ಬಿಚ್ಚಿ ನೋಡಬಹುದಾದ, ತಿದ್ದಬಹುದಾದ ತಂತ್ರಾಂಶ. ಅದರಲ್ಲಿ ಅರೆಬೆಂದದ್ದನ್ನು ಮುಂದಿಟ್ಟು, ಹುಳುಕು ಕಂಡವರು ಹೇಳಿ, ಬಲ್ಲವರು ತಿದ್ದುವುದು ಬಹಳ ದಿನದ ಪದ್ಧತಿ. ಒಬ್ಬನೇ ಅಪಾಯ ಹೊರುವುದಲ್ಲ. ಹತ್ತು ಜನ ಹಂಚಿಕೊಳ್ಳುವುದು.

ಅದೇ ಬುದ್ಧಿಯನ್ನು ನಾವು ತಿರುವನಂತಪುರದ ತಂಬಾನೂರಿನ ಬಳಿಯ ಒಂದು ಹೊಟೇಲಿನ ಕೋಣೆಯಲ್ಲಿ ಕಂಡೆವು. ನಮ್ಮ ಕಡೆಯ ಐವರು ಕೆಲಸಗಾರರು ಒಟ್ಟು ಹಣ ಹಾಕಿ ಒಂದು ಹಳೆಯ ಫೋನು ಕೊಂಡಿದ್ದಾರೆ. ಅದರಲ್ಲಿ ಸಿಮ್ ಇಲ್ಲ, ಬ್ಯಾಂಕಿಲ್ಲ, ಮನೆಯವರ ಫೋಟೋ ಇಲ್ಲ. ಹೊಸದೇನು ಬಂದರೂ ಮೊದಲು ಅದರ ಮೇಲೆ. ಗೋಡೆಗೆ ತೂಗಿದ ನೋಟ್‌ಬುಕ್ಕಿನಲ್ಲಿ ಕಂಡ ದೋಷಗಳನ್ನು ಬರೆಯುತ್ತಾರೆ: ಇಂಥ ದಿನ ಇಂಥ ಕಡೆ ಒತ್ತಕ್ಷರ ಒಡೆದು ಕಾಣಿಸಿತು, ಇಂಥ ಆ್ಯಪು ತೆರೆಯಲಿಲ್ಲ ಎಂದು. ಟೆಕ್ನೋಪಾರ್ಕಿನ ಕ್ಯಾಂಟೀನಿನಲ್ಲಿ ಕೆಲಸ ಮಾಡಿ ಬಂದ ಒಬ್ಬಾತ ಅದನ್ನು ಇಂಗ್ಲಿಷಿನಲ್ಲಿ ಬರೆದು ಕಂಪೆನಿಗೆ ಕಳಿಸುತ್ತಾನೆ. ಎರ್ನಾಕುಳಂನ ಹುಡುಗ ಕಳೆದುಕೊಂಡದ್ದಕ್ಕೂ ಇವರು ಪಡೆದದ್ದಕ್ಕೂ ನಡುವಣ ಅಂತರ ಜಾಣತನದ್ದಲ್ಲ. ಅವನು ಒಂಟಿಯಾಗಿದ್ದ, ಇವರು ಐವರಿದ್ದರು, ಅಷ್ಟೇ.

ಇನ್ನು ನಾವು ತಿಳಿದು ಬಂದ ಕೆಲವು ಸೂಚನೆಗಳನ್ನು ಹೇಳಿ ಮುಗಿಸುತ್ತೇವೆ. ಬರೆದುಕೊಳ್ಳುವವರು ಬರೆದುಕೊಳ್ಳಬಹುದು.

ಒಂದು: ಇರುವುದು ಒಂದೇ ಫೋನಾದರೆ ಪರೀಕ್ಷಾ ಆವೃತ್ತಿ ಬೇಡ. ಹೊಟೇಲಿನ ಗಲ್ಲಾದ ಮೇಲಿನ ಫೋನಿಗಂತೂ ಸರ್ವಥಾ ಬೇಡ. ಹಣ ಕಳಿಸುವ ಆ್ಯಪುಗಳು ಪರೀಕ್ಷಾ ಆವೃತ್ತಿಯಲ್ಲಿ ನಡೆಯುತ್ತವೆಂಬ ಭರವಸೆ ಇಲ್ಲ.

ಎರಡು: ಸೇರುವ ಮೊದಲು ಹೊರಬರುವ ದಾರಿಯನ್ನು ಓದಬೇಕು. ಆಂಡ್ರಾಯ್ಡ್ ಬೀಟಾದಿಂದ ಅವಧಿಯ ನಡುವೆ ಹೊರಬಂದರೆ ಫೋನು ಪೂರ್ತಿ ಬರಿದಾಗುತ್ತದೆ. ಸಿದ್ಧ ಆವೃತ್ತಿ ಬರುವವರೆಗೆ ತಾಳ್ಮೆಯಿಂದಿದ್ದು, ಅದನ್ನು ಹಾಕಿಕೊಂಡು, ಮುಂದಿನ ಬೀಟಾ ಹಾಕುವ ಮೊದಲು ಹೆಸರು ತೆಗೆಸಿದರೆ ಏನೂ ಅಳಿಯುವುದಿಲ್ಲ. ಆ್ಯಪಲ್ ಫೋನಿನಲ್ಲಿ, ಪರೀಕ್ಷಾ ಆವೃತ್ತಿಯಲ್ಲಿದ್ದಾಗ ಮಾಡಿದ ಬ್ಯಾಕಪ್ಪನ್ನು ಹಳೆಯ ಆವೃತ್ತಿಗೆ ಹಿಂದಿರುಗಿದ ಮೇಲೆ ಹಾಕಲಾಗದು. ಆದುದರಿಂದ ಸೇರುವ ಮೊದಲೇ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಡಬೇಕು.

ಮೂರು: ಗೂಗಲಿನ ಆಂಡ್ರಾಯ್ಡ್ ಬೀಟಾ ಮುಖ್ಯವಾಗಿ ಅದರ ಪಿಕ್ಸೆಲ್ ಫೋನುಗಳಿಗೆ; ಬೇರೆ ಕಂಪೆನಿಗಳು ತಮ್ಮ ತಮ್ಮ ಕೆಲವು ಮಾದರಿಗಳಿಗೆ ಬೇರೆಯಾಗಿ ಕೊಡುತ್ತವೆ. ನಮ್ಮಲ್ಲಿ ಹೆಚ್ಚಿನವರ ಕಡಿಮೆ ಬೆಲೆಯ ಫೋನಿಗೆ ಬರುವುದೇ ಇಲ್ಲ. ಆಗ “ನಾವು ಕೊಡುತ್ತೇವೆ, ಈ ಲಿಂಕು ಒತ್ತಿ” ಎಂದು ವಾಟ್ಸ್‌ಆ್ಯಪಿನಲ್ಲಿ ಸಂದೇಶ ಬಂದರೆ ನಂಬಬಾರದು. ಫೋನಿನ ಸೆಟ್ಟಿಂಗಿನಿಂದ ಅಥವಾ ತಯಾರಕರ ಅಧಿಕೃತ ತಾಣದಿಂದ ಬಾರದ ಯಾವ ಕಡತವನ್ನೂ ಹಾಕಬಾರದು. ಅದು ಉಪ್ಪು ನೋಡಲು ಕೊಟ್ಟ ಸೌಟಲ್ಲ. ಬಾಗಿಲು ಮುರಿಯಲು ಬಂದ ಹಾರೆ.

ನಾಲ್ಕು: ಸಿದ್ಧ ಆವೃತ್ತಿಯಾದರೂ ಬಂದ ದಿನವೇ ಹಾಕುವ ಅವಸರ ಬೇಡ. ೨೦೧೪ರ ಸೆಪ್ಟೆಂಬರಿನಲ್ಲಿ ಆ್ಯಪಲ್ ಕಂಪೆನಿಯ ೮.೦.೧ ಎಂಬ ಸಿದ್ಧ ಅಪ್‌ಡೇಟ್ ಹಾಕಿದ ಕೆಲವು ಹೊಸ ಫೋನುಗಳಿಗೆ ಕರೆ ಮಾಡುವ ಶಕ್ತಿಯೇ ಹೋಯಿತು. ಅದೇ ದಿನ ಅದನ್ನು ಹಿಂತೆಗೆದುಕೊಂಡರು. ನಾಲ್ಕಾರು ದಿನ ಕಾದು ನೋಡಿ ಹಾಕಿರಿ. ಆದರೆ ಹಾಕದೇ ಬಿಡಬೇಡಿ. ಕಳ್ಳರ ಕೈಯಿಂದ ಫೋನನ್ನು ಕಾಯುವ ತಿದ್ದುಪಡಿಗಳೂ ಅದರೊಡನೆಯೇ ಬರುತ್ತವೆ.

ಐದು: ಪಾಳಿಯ ಲೆಕ್ಕ, ಮುಂಗಡದ ಲೆಕ್ಕ ಫೋನಿನಲ್ಲಿ ಮಾತ್ರ ಇಡಬೇಡಿ. ಎರಡು ರೂಪಾಯಿಯ ಪೆನ್ಸಿಲು, ಹತ್ತು ರೂಪಾಯಿಯ ನೋಟ್‌ಬುಕ್ಕು. ಯಾವ ಅಪ್‌ಡೇಟ್ ಬಂದರೂ ಅದು ಅಳಿಯುವುದಿಲ್ಲ.

ಕಡೆಯದಾಗಿ ಅಧ್ಯಕ್ಷರಲ್ಲಿ ಒಂದು ವಿನಂತಿ. ನಮ್ಮ ವಾಚನಾಲಯದ ಕಪಾಟಿನಲ್ಲಿ, ಪರೀಕ್ಷಾ ಆವೃತ್ತಿ ದೊರೆಯುವಂಥ ಒಂದು ಹಳೆಯ ಫೋನನ್ನು ಸಂಘದ ವೆಚ್ಚದಲ್ಲಿ ಇಡೋಣ. ರಾತ್ರಿ ಶಾಲೆಯ ಇಬ್ಬರು ತರುಣರು ಅದನ್ನು ನೋಡಿಕೊಳ್ಳಲಿ. ಕನ್ನಡದ ಒತ್ತು, ಕೊಂಬು, ದೀರ್ಘ ಎಲ್ಲಿ ತಪ್ಪಿದರೂ ಅವರು ಗುರುತಿಸಲಿ. ಕಂಪೆನಿಗೆ ತಿಳಿಸಲು ಆ ಫೋನಿನಲ್ಲೇ ಏರ್ಪಾಡು ಇರುತ್ತದೆ. ಅವರು ಕೊಡುವ ಹೊತ್ತೂ ದುಡಿಮೆಯೇ ಎಂಬುದನ್ನು ನಾವು ಮರೆಯಬಾರದು. ಕಂಪೆನಿ ಅದಕ್ಕೆ ಕೂಲಿ ಕೊಡುವುದಿಲ್ಲ. ಆದರೆ ಅದರ ಫಲ ಕನ್ನಡ ಓದುವ ಎಲ್ಲರಿಗೂ ಸೇರುತ್ತದೆ. ಅವರ ಹೆಸರನ್ನು ನಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕುವ ಗೌರವವನ್ನಾದರೂ ನಾವು ಸಲ್ಲಿಸೋಣ.

ಎರ್ನಾಕುಳಂನ ಆ ಹುಡುಗನಿಗೆ ನಾವು ಹೊರಡುವ ಮೊದಲು ಒಂದು ನೋಟ್‌ಬುಕ್ಕು ಕೊಟ್ಟು ಬಂದೆವು. ಮೊನ್ನೆ ಫೋನು ಮಾಡಿದ್ದ. “ಅಣ್ಣಾ, ಹದಿನಾಲ್ಕು ಪುಟ ಆಯಿತು” ಎಂದ. “ಇನ್ನೊಂದು ಸಲ ಬೀಟಾ ಹಾಕುವ ಆಸೆ ಉಂಟು. ಈ ಸಲ ಇಲ್ಲಿಯ ನಾಲ್ವರನ್ನು ಸೇರಿಸಿಕೊಂಡು ಬೇರೆ ಫೋನು ನೋಡುತ್ತಿದ್ದೇವೆ.”

ಅವನ ಆಸೆ ನಂದಿಲ್ಲವೆಂಬುದು ನಮಗೆ ಸಂತೋಷ.